ಬಳಸಿದ ಆಟಿಕೆಯನ್ನು ಉಡುಗೊರೆ ಕೊಡುವುದು ಅಪರಾಧವಲ್ಲ: ಒಂದು ಸ್ಪಷ್ಟನೆ

ಐಎಸ್‌ಐ ಗುರುತಿಲ್ಲದ ಹಳೆಯ ಆಟಿಕೆಗಳನ್ನು ಮಕ್ಕಳಿಗೆ ಉಡುಗೊರೆಯಾಗಿ ಕೊಟ್ಟರೆ ದಂಡ ಬೀಳುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಈ ಗುರುತನ್ನು ಕಡ್ಡಾಯಗೊಳಿಸಿರುವುದು ನಿಜವಾದರೂ, ಅದು ತಯಾರಿಕೆ, ಆಮದು ಮತ್ತು ಮಾರಾಟದಲ್ಲಿ ತೊಡಗಿದವರನ್ನು ಕಟ್ಟಿಹಾಕುತ್ತದೆಯೇ ಹೊರತು, ಅಕ್ಕನ ಮಗ ಆಡಿ ಬಿಟ್ಟ ಮೂರು ಗಾಲಿಯ ಸೈಕಲ್ಲನ್ನು ತಂಗಿಯ ಮಗುವಿಗೆ ಕೊಡುವವರನ್ನಲ್ಲ. ಭೌಗೋಳಿಕ ಸೂಚಕದಡಿ (ಒಂದು ಊರಿನ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಜಿಐ ಮಾನ್ಯತೆಯಡಿ) ನೋಂದಾಯಿತರಾದವರು ತಯಾರಿಸುವ ಚನ್ನಪಟ್ಟಣದ ಗೊಂಬೆಗಳಿಗಂತೂ ಆ ಆದೇಶದಲ್ಲೇ ವಿನಾಯಿತಿ ಇದೆ.

ಕಾನೂನಿನ ಭಯ ಬೇಡ. ಆದರೆ ಆಟಿಕೆಯನ್ನು ಕೈಯಲ್ಲಿ ಹಿಡಿದು ನೋಡದೆ ಕೊಡಬಾರದು ಎಂಬುದನ್ನು ಒತ್ತಿ ಹೇಳಲೇಬೇಕಾಗಿದೆ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬ್ಯಾಟರಿಯ ಮುಚ್ಚಳವನ್ನು. ಹಾಡುವ ಗೊಂಬೆಯ ಬೆನ್ನಿನ ಸ್ಕ್ರೂ ಕಳೆದು ಮುಚ್ಚಳ ಸಡಿಲವಾಗಿದ್ದರೆ, ಒಳಗಿನ ಗುಂಡಿಯಾಕಾರದ ಬ್ಯಾಟರಿ ಮಗುವಿನ ಬಾಯಿ ಸೇರಬಹುದು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ತೀವ್ರವಾದ ಸುಟ್ಟಗಾಯವಾಗುತ್ತದೆ. ಬ್ಯಾಟರಿ ನುಂಗಿದ ಅನುಮಾನ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಬಣ್ಣ ಚಕ್ಕೆಯೇಳುತ್ತಿರುವ ಹಳೆಯ ಆಟಿಕೆಯಲ್ಲಿ ಸೀಸ ಇರಬಹುದಾದ್ದರಿಂದ, ಅದು ಎಷ್ಟೇ ಚೆಂದವಾಗಿದ್ದರೂ, ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಕ್ಕಳಿಗೆ ಕೊಡಬೇಡಿ. ಮೂರು ವರ್ಷದೊಳಗಿನವರಿಗೆ ಕಳಚಿ ಬರುವ ಗಾಲಿ, ಮಣಿ, ಗೊಂಬೆಯ ಕಣ್ಣುಗಳೂ ಅಪಾಯವೇ.

ಇನ್ನು ಶುಚಿತ್ವ. ಪ್ಲಾಸ್ಟಿಕ್ ಆಟಿಕೆಯನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಅರಗಿನ ಬಣ್ಣ ಹಚ್ಚಿದ ಮರದ ಗೊಂಬೆಯನ್ನು ನೀರಿನಲ್ಲಿ ನೆನೆಹಾಕದೆ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.