ಎತ್ರ?

ಬೆಳಿಗ್ಗೆ ಹಾಲಿನ ಬೂತಿನ ಗೋಡೆಗೆ ಸೈಕಲ್ ಒರಗಿಸಿ ಚಿಲ್ಲರೆ ಎಣಿಸುತ್ತಿದ್ದೆ. ಪಕ್ಕದ ಬೀದಿಯ ಯಜಮಾನರೊಬ್ಬರು ಬಂದರು. ಹನ್ನೊಂದು ವರ್ಷದಿಂದ ಅದೇ ಬೂತಿನಲ್ಲಿ, ಅದೇ ಹೊತ್ತಿಗೆ ನೋಡುತ್ತಿರುವ ಮುಖ. ಇವತ್ತಿನವರೆಗೂ ಅವರು ನನ್ನ ಹೆಸರು ಕೇಳಿಲ್ಲ. ನಾನೂ ಅವರದ್ದು ಕೇಳಿಲ್ಲ. ಇವತ್ತು ಸೈಕಲ್ ಕಡೆ ಗಲ್ಲ ಎತ್ತಿ ತೋರಿಸಿ ಕೇಳಿದರು, "ಎಷ್ಟು ಬಿತ್ತು ಸಾರ್?"

"ಇನ್ನೂ ಬಿದ್ದಿಲ್ಲ, ಗಟ್ಟಿಯಾಗೇ ಇದೆ" ಅಂದೆ. ಅವರಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ ಅನ್ನಿ.

ಕಾರು ತಂದವನನ್ನು ಮೈಲೇಜ್ ಎಷ್ಟು ಅಂತ ಕೇಳುತ್ತಾರೆ. ನಾಯಿ ಸಾಕಿದವನನ್ನು ಕಚ್ಚುತ್ತಾ ಅಂತ ಕೇಳುತ್ತಾರೆ. ಗೇರ್ ಸೈಕಲ್ ಹತ್ತಿದವನಿಗೆ ಮಾತ್ರ ಪೀಠಿಕೆಯೇ ಇಲ್ಲ, ಸೀದಾ ಜೇಬಿಗೇ ಕೈ. ಇದಕ್ಕೆ ನನಗೆ ಯಾಕಿಷ್ಟು ರೇಗುತ್ತದೆ ಅಂತ ತುಂಬಾ ದಿನದಿಂದ ಯೋಚಿಸುತ್ತಿದ್ದೇನೆ. ಹೋದ ಡಿಸೆಂಬರಿನಲ್ಲಿ ಮುನ್ನಾರಿನಿಂದ ಆಲಪ್ಪುಳಕ್ಕೆ ಸೈಕಲ್ ತುಳಿದುಕೊಂಡು ಹೋದಾಗ ಉತ್ತರ ಸಿಕ್ಕಿತು ಅನ್ನಿಸಿತ್ತು. ಅದನ್ನು ಹೇಳಬೇಕಾದರೆ ನನ್ನ ಷಡ್ಡಕನಿಂದ ಶುರು ಮಾಡಬೇಕು.

ಷಡ್ಡಕ ಬ್ಯಾಂಕಿನವನು. ಕಾಸರಗೋಡಿನ ಕಡೆ ಮೂರು ವರ್ಷ ಕೆಲಸ ಮಾಡಿ ಮಲಯಾಳಂ ಕಲಿತಿದ್ದಾನೆ. ನನ್ನ ಜೊತೆ ಬಂದದ್ದು ದುಭಾಷಿಯಾಗಿ. ಆದರೆ ಅವನ ಹೆಂಡತಿ ನನ್ನ ಹೆಂಡತಿಯ ತಂಗಿ. ಅಕ್ಕತಂಗಿ ಇಬ್ಬರ ನಡುವೆ ದಿನಕ್ಕೆ ನಾಲ್ಕು ಸಲ ಫೋನು. ಹಾಗಾಗಿ ಷಡ್ಡಕನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ನಮ್ಮನೆ ಅಡುಗೆಮನೆಗೆ ತಲುಪುತ್ತದೆ. ಅಲ್ಲಿ ನನ್ನ ಸೈಕಲ್ಲಿನ ಬೆಲೆ ಹದಿನೆಂಟು ಸಾವಿರ ಅಂತ ಇತ್ಯರ್ಥವಾಗಿ ಎರಡು ವರ್ಷ ಆಗಿತ್ತು. ನಿಜವಾದ ಬೆಲೆ ಬೇರೆ. ಅದು ಅಂಗಡಿಯವನಿಗೆ ಗೊತ್ತು, ನನಗೆ ಗೊತ್ತು. ಬಿಲ್ ಎಲ್ಲಿದೆ ಅಂತ ನನಗೂ ನೆನಪಿಲ್ಲ, ಅಷ್ಟು ಜೋಪಾನವಾಗಿ ಇಟ್ಟಿದ್ದೇನೆ.

ಉಡುಮಲೈಪೇಟೆಯಲ್ಲಿ ಬಾಡಿಗೆ ಜೀಪಿನ ನೆತ್ತಿಗೆ ಎರಡೂ ಸೈಕಲ್ ಕಟ್ಟಿ, ಮರಯೂರು ಮೇಲೆ ಮುನ್ನಾರ್ ಸೇರಿದೆವು. ಘಾಟಿ ಹತ್ತೋದು ಜೀಪು, ಇಳಿಯೋದು ನಾವು ಅಂತ ಮೊದಲೇ ಒಪ್ಪಂದ ಆಗಿತ್ತು. ಇದನ್ನು ಸೈಕಲ್ ಯಾತ್ರೆ ಅನ್ನಬಹುದಾ ಅಂತ ಕೆಲವರು ಕೇಳಿದ್ದಾರೆ. ಅವರೆಲ್ಲ ಚರ್ಮಕ್ಕೆ ಅಂಟಿಕೊಳ್ಳುವ ಚಡ್ಡಿ ಹಾಕಿ, ಗೇರಿನ ಹಲ್ಲು ಎಷ್ಟು ಅಂತ ಮದುವೆಮನೆ ಊಟದ ಪಂಕ್ತಿಯಲ್ಲೂ ಮಾತಾಡುವ ಜನ. ಅವರಿಗೆ ಉತ್ತರ ಕೊಡೋ ಅಗತ್ಯ ಇಲ್ಲ.

ಮುನ್ನಾರ್ ಹೇಗಿತ್ತು ಅಂತ ಕೇಳಬೇಡಿ, ಹಸಿರಾಗಿತ್ತು. ಮೂರು ಹೊಳೆ ಸೇರುವ ಊರಾದ್ದರಿಂದ ಆ ಹೆಸರಂತೆ. ನಾವು ಹೋದ ವಾರಾಂತ್ಯದಲ್ಲಿ ಅಲ್ಲಿ ಸೇರಿದ್ದು ಮುನ್ನೂರು ಕಾರು. ಅರ್ಧಕ್ಕರ್ಧ ನಮ್ಮ ಕೆಎ ನಂಬರಿನವೇ. ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ "ತುಳಿ ಗುರೂ, ತುಳಿ!" ಅಂತ ಕೂಗಿದ. ದೇವಿಕುಳಂ ಏರಿನಲ್ಲಿ ನಾಲಿಗೆ ಹೊರಗೆ ಬಂದಿರುವಾಗ ಸ್ವಂತ ಭಾಷೆಯಲ್ಲಿ ಕೇಳುವ ಉಪದೇಶ ಇದೆಯಲ್ಲ, ಅದರಷ್ಟು ಕಹಿ ಬೇರೆ ಇಲ್ಲ. ಒಪ್ಪಂದದಲ್ಲಿ ಇಲ್ಲದ ಏರು ಅದು. ಮುನ್ನಾರ್ ಅಂದರೆ ನೆತ್ತಿ, ಅಲ್ಲಿಂದ ಎಲ್ಲಾ ಇಳಿಜಾರು ಅಂದುಕೊಂಡಿದ್ದು ನಮ್ಮ ತಪ್ಪು. ಊರು ಇರೋದು ಸುಮಾರು 1500 ಮೀಟರಿನಲ್ಲಿ. ಗ್ಯಾಪ್ ರೋಡ್ ಅನ್ನೋ ಘಾಟಿ ದಾರಿಗೆ ಹೋಗಬೇಕಾದರೆ ಇನ್ನೂ ಹತ್ತಬೇಕು.

ಗ್ಯಾಪ್ ದಾಟಿ ಇಳಿದು ಪೂಪ್ಪಾರಕ್ಕೆ ಬಂದಾಗ ಹನ್ನೊಂದು ಗಂಟೆ. ಒಂದು ಚಾಯದ ಅಂಗಡಿ ಮುಂದೆ ನಿಲ್ಲಿಸಿದೆವು. ಮುಂಡು ಎತ್ತಿಕಟ್ಟಿದ ಅಂಗಡಿಯವನು ಒಂದು ಕೈ ತಲೆ ಮೇಲೆ, ಇನ್ನೊಂದು ಸೊಂಟದ ಹತ್ತಿರ ಹಿಡಿದು ಚಹಾ ಎಳೆಯುತ್ತಿದ್ದ. ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ ಕೇಳಿದ, "ಎತ್ರ?"

ಎತ್ರ ಅಂದರೆ ಎತ್ತರ. ಸೈಕಲ್ ಫ್ರೇಮಿಗೆ ಅಳತೆ ಇರುತ್ತದೆ, ಸವಾರನ ಎತ್ತರ ನೋಡಿ ಕೊಳ್ಳಬೇಕು. ಇದು ನಮ್ಮೂರಲ್ಲಿ ಸೈಕಲ್ ಮಾರುವವರಿಗೇ ಗೊತ್ತಿರುವುದಿಲ್ಲ. ಗುಡ್ಡದ ತುದಿಯ ಚಹಾ ಅಂಗಡಿಯಲ್ಲಿ ಇಂಥ ತಿಳಿದವನೊಬ್ಬ ಇದ್ದಾನಲ್ಲ ಅಂತ ಮನಸ್ಸು ತುಂಬಿ ಬಂತು. "ಐವತ್ನಾಲ್ಕು" ಅಂದೆ.

ಚಹಾದ ಹಗ್ಗ ನಡುವಿನಲ್ಲಿ ತುಂಡಾಯಿತು. "ಅಂಬತ್ತಿನಾಲಾಯಿರಮೋ?" ಅಂದ.

ಷಡ್ಡಕ ಬೆಂಚಿನಿಂದ ಎದ್ದೇಬಿಟ್ಟ. "ಭಾವ, ಅವನು ಕೇಳಿದ್ದು ಎಷ್ಟು ಅಂತ. ಎತ್ರ ಅಂದ್ರೆ ಎಷ್ಟು. ನೀವು ಐವತ್ನಾಲ್ಕು ಸಾವಿರ ಅಂದ್ರಾ?"

"ಅದು ಸೆಂಟಿಮೀಟರ್ ಮಾರಾಯ! ಫ್ರೇಮಿನ ಅಳತೆ! ಬೆಲೆ ಹದಿನೈದು ಸಾವಿರ" ಅಂದೆ. ಗಾಬರಿಯಲ್ಲಿ ಮನೆಯ ಲೆಕ್ಕಕ್ಕಿಂತ ಮೂರು ಸಾವಿರ ಕೆಳಗೆ ಹೋಗಿತ್ತು.

"ಅತ್ತಿಗೆ ಹದಿನೆಂಟು ಅಂದಿದ್ರಲ್ಲ?"

"ಆಫರ್ ಇತ್ತು. ಆಮೇಲೆ ಗೊತ್ತಾಯ್ತು."

ಕೊಂಡ ಎರಡು ವರ್ಷಕ್ಕೆ ಆಫರ್ ಗೊತ್ತಾಗೋದು ಹೇಗೆ ಅಂತ ಷಡ್ಡಕ ಕೇಳಲಿಲ್ಲ. ಬ್ಯಾಂಕಿನವರ ಅಭ್ಯಾಸ ಅದು, ಕೇಳುವುದಿಲ್ಲ, ಬರೆದಿಟ್ಟುಕೊಳ್ಳುತ್ತಾರೆ. ಅಂಗಡಿಯವನು ಮಾತ್ರ ಹದಿನೈದು ಅಂದ ಕೂಡಲೇ ನಿರಾಳವಾಗಿ ನಕ್ಕ. ಚಹಾಕ್ಕೆ ಇನ್ನೊಂದಿಷ್ಟು ಹಾಲು ಹಾಕಿದ. ಬೆಲೆ ಇಳಿಸಿದರೆ ಎದುರಿನವರಿಗೆ ಎಷ್ಟು ಸಂತೋಷ ಆಗುತ್ತದೆ ಅನ್ನೋದು ಅವತ್ತು ನನಗೆ ಗೊತ್ತಾಯಿತು. ಅಲ್ಲಿಂದ ಹಿಡಿಯಿತು ಆ ಚಟ.

ಮುಂದೆಲ್ಲ ಏಲಕ್ಕಿ ಸೀಮೆ. ಶಾಂತನ್‌ಪಾರ, ಉಡುಂಬನ್‌ಚೋಲ, ನೆಡುಂಕಂಡಂ. ಏಲಕ್ಕಿ ತೋಟದಲ್ಲಿ ಏಲಕ್ಕಿ ವಾಸನೆ ಬರುತ್ತದೆ ಅಂತ ಪೇಟೆಯವರು ನಂಬಿದ್ದಾರೆ. ಸಕಲೇಶಪುರದ ಕಡೆಯವನಾದ ನನಗೆ ಗೊತ್ತು, ತೋಟದಲ್ಲಿ ಬರೋದು ಕೊಳೆತ ಎಲೆ, ಒದ್ದೆ ಮಣ್ಣಿನ ವಾಸನೆ. ಕಾಯಿ ಒಣಗಿಸುವ ಮನೆಯ ಮುಂದೆ ಹಾದರೆ ಮಾತ್ರ ಪಾಯಸದ ಪಾತ್ರೆಗೆ ಮುಖ ಇಟ್ಟ ಹಾಗೆ ಆಗುತ್ತದೆ. ತಮಿಳುನಾಡಿನ ಕಡೆಯಿಂದ ಕೆಲಸದ ಹೆಂಗಸರನ್ನು ತುಂಬಿಕೊಂಡು ಜೀಪುಗಳು ಬರುತ್ತವೆ. ಅವುಗಳ ಡ್ರೈವರುಗಳಿಗೆ ತಿರುವು ಅನ್ನೋದು ಬರೀ ಊಹಾಪೋಹ. ಒಂದು ಜೀಪಿಗೆ ದಾರಿ ಬಿಡಲು ಹೋಗಿ ನಾನು ಮೋರಿಯೊಳಗೆ ನಿಂತಿದ್ದೆ. ಅಲ್ಲಿ ಕೂಡ ಮೇಲಿನಿಂದ ಒಬ್ಬ ಬಗ್ಗಿ ಕೇಳಿದ, "ಎತ್ರ?"

"ಹದಿಮೂರು."

ಕುಮಿಳಿಯಲ್ಲಿ ಹನ್ನೆರಡು ಸಾವಿರ. ವಂಡಿಪೆರಿಯಾರ್‌ನಲ್ಲಿ ಹತ್ತು. ಕುಟ್ಟಿಕ್ಕಾನದಲ್ಲಿ ಎಂಟು, ಅಲ್ಲಿ ಚಳಿಯೂ ಇತ್ತು. ಅಲ್ಲಿಂದ ಮುಂಡಕ್ಕಯಂವರೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಬರೀ ಇಳಿಜಾರು. ಪೆಡಲ್ ಮುಟ್ಟುವ ಹಾಗಿಲ್ಲ, ಬ್ರೇಕ್ ಬಿಡುವ ಹಾಗಿಲ್ಲ. ವಳಂಜಂಗಾನದ ಜಲಪಾತ ರಸ್ತೆ ಪಕ್ಕದಲ್ಲೇ ಬೀಳುತ್ತದೆ. ಜನ ಅದಕ್ಕೆ ಬೆನ್ನು ಹಾಕಿಕೊಂಡು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಮರಗಟ್ಟಿದ್ದ ಬೆರಳು ಬಿಡಿಸಿಕೊಳ್ಳಲು ನಿಂತಿದ್ದೆ. ಜೋಳ ಸುಡುವವಳು ಕೇಳಿದಳು. ಏಳು ಅಂದೆ. ಕೆಳಗಿಳಿದು ಮುಂಡಕ್ಕಯಂ ಮುಟ್ಟುವ ಹೊತ್ತಿಗೆ ಸೆಕೆ, ರಬ್ಬರ್ ತೋಟ, ಬೆಲೆ ಆರು ಸಾವಿರ.

ಷಡ್ಡಕ ನೀರು ಕುಡಿಯುತ್ತಾ ಲೆಕ್ಕ ಹಾಕಿದ. "ಭಾವ, ನಾಲ್ಕು ದಿನದಲ್ಲಿ ನಿಮ್ಮ ಸೈಕಲ್ ಒಂಬತ್ತು ಸಾವಿರ ಸವೆದಿದೆ. ನಾವು ಕೂಡ ಸಾಲಕ್ಕೆ ಇಟ್ಟ ಲಾರಿಯನ್ನು ಇಷ್ಟು ಬೇಗ ಸವೆಸಲ್ಲ."

ಅವನಿಗೆ ಗೊತ್ತಾಗಿದೆಯಾ, ಇಲ್ಲವಾ? ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸೀಟು ಒತ್ತಿದ ಜಾಗದ ನೋವೂ ಇತ್ತು, ಅದನ್ನೂ ಹೇಳಬೇಕು.

ಮರುದಿನ ಕಾಂಜಿರಪ್ಪಳ್ಳಿಯ ಹತ್ತಿರ ಒಂದು ಅಂಗಡಿಯಲ್ಲಿ ಪುಟ್ಟು ಕಡಲೆ ತಿನ್ನುತ್ತಿದ್ದಾಗ ಪಕ್ಕದವನು ಪತ್ರಿಕೆ ಹಿಡಿದವನನ್ನು ಕೇಳಿದ, ಆರ್‌ಎಸ್‌ಎಸ್ ನಾಲ್ಕು ಇವತ್ತು ಎಷ್ಟು ಅಂತ. ರಾಜಕೀಯ ಅಂದುಕೊಂಡು ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅದು ಹೊಗೆ ಹಾಕಿ ಒಣಗಿಸಿದ ರಬ್ಬರ್ ಶೀಟಿನ ದರ್ಜೆಯಂತೆ. ಅಲ್ಲಿ ಮನೆ ಮನೆ ಮುಂದೆ ತಂತಿಯ ಮೇಲೆ ಒಗೆದ ಬಟ್ಟೆಯ ಜೊತೆ ರಬ್ಬರ್ ಶೀಟೂ ನೇತಾಡುತ್ತಿರುತ್ತದೆ. ಕೋಟ್ಟಯಂನಲ್ಲಿ ರಬ್ಬರ್ ಬೋರ್ಡಿನ ಮುಖ್ಯ ಕಚೇರಿಯೇ ಇದೆ. ಆಗ ನನಗೆ ಹೊಳೆಯಿತು. ಏಲಕ್ಕಿ, ಕಾಳುಮೆಣಸು, ರಬ್ಬರ್ ಅಂತ ದಿನಾ ಬೆಳಗಾದರೆ ದರ ನೋಡಿ ಬದುಕುವ ಜನ ಇವರು. ಬೆಲೆ ಕೇಳೋದು ಅಂದರೆ ಇವರಿಗೆ ಆರೋಗ್ಯವಾ ಅಂತ ಕೇಳಿದ ಹಾಗೆ. ಇದೇ ನಾನು ಹುಡುಕುತ್ತಿದ್ದ ಉತ್ತರ ಅಂತ ಖುಷಿಯಾಗಿ ಷಡ್ಡಕನಿಗೆ ಹೇಳಿದೆ. "ಹಾಗಾದ್ರೆ ನಮ್ಮ ಮೈಸೂರಿನವರು ಯಾಕೆ ಕೇಳ್ತಾರೆ?" ಅಂದ. ಇಂಥವರ ಜೊತೆ ಪ್ರವಾಸ ಹೋಗಬಾರದು.

ಕುಮರಗಂ. ರಸ್ತೆ ಚಪ್ಪಟೆಯಾಯಿತು. ಇನ್ನೂ ಮುಂದೆ ಹೋದರೆ ಕುಟ್ಟನಾಡು, ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಜಾಗ. ನನ್ನ ಬೆಲೆಯೂ ಇನ್ನು ಇಳಿಯಲು ಜಾಗ ಇಲ್ಲದಷ್ಟು ಇಳಿದಿತ್ತು. ಕುಮರಗಂನಿಂದ ಆಚೆ ದಡದ ಮುಹಮ್ಮಕ್ಕೆ ವೇಂಬನಾಡು ಕಾಯಲು, ಅಂದರೆ ಹಿನ್ನೀರು, ದಾಟಿಸುವ ಸರ್ಕಾರಿ ದೋಣಿ ಇದೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಟಿಕೆಟ್ ಎಷ್ಟು ಕಡಿಮೆ ಅಂದರೆ, ಪಕ್ಕದಲ್ಲಿ ಜನರೇಟರ್ ಗುಡುಗಿಸಿಕೊಂಡು, ನೀರಿಗೆ ಎಣ್ಣೆ ಬಿಟ್ಟುಕೊಂಡು ತೇಲುವ ಏಸಿ ಹೌಸ್‌ಬೋಟುಗಳನ್ನು ನೋಡಿ ಹೊಟ್ಟೆ ಉರಿಯುವ ಬದಲು ತಣ್ಣಗಾಗುತ್ತದೆ. ಪ್ರಕೃತಿ ನೋಡಲು ಬಂದು ಗಾಜು ಮುಚ್ಚಿಕೊಂಡು ಟಿವಿ ಹಾಕುತ್ತಾರಲ್ಲ, ಇರಲಿ.

ದೋಣಿಯಲ್ಲಿ ಎದುರಿಗೆ ಒಬ್ಬ ಮುದುಕರು. ಎಪ್ಪತ್ತು ದಾಟಿರಬೇಕು. ಪಕ್ಕದಲ್ಲಿ ಅವರದ್ದೂ ಒಂದು ಸೈಕಲ್, ಕಪ್ಪು ಬಣ್ಣದ ಹಳೇ ಗಾಡಿ, ಹಿಂದೆ ಮೀನಿನ ಬುಟ್ಟಿ. ನನ್ನ ಸೈಕಲ್ಲನ್ನು ಸ್ವಲ್ಪ ಹೊತ್ತು ನೋಡಿದರು. ಹೆಬ್ಬೆರಳಿನಲ್ಲಿ ಟೈರ್ ಒತ್ತಿದರು. ಸೀಟಿನ ಹಿಂದೆ ಬಾಲದ ಹಾಗೆ ಚಾಚಿಕೊಂಡಿದ್ದ ಚೀಲವನ್ನು ಒಂದು ಸಲ ತಟ್ಟಿದರು. ಒಂದೇ ಕೈಯಲ್ಲಿ ಸೈಕಲ್ ಎತ್ತಿ ಇಳಿಸಿದರು. ಆಮೇಲೆ ಬಂತು.

"ಎತ್ರ?"

"ನಾಲ್ಕೂವರೆ" ಅಂದೆ. ಷಡ್ಡಕ ಅನುವಾದಿಸಿದ.

ಮುದುಕರು ನಗಲಿಲ್ಲ. ಗಂಭೀರವಾದರು.

"ಸ್ಟ್ಯಾಂಡ್?"

"ಇಲ್ಲ."

"ಕ್ಯಾರಿಯರ್?"

"ಇಲ್ಲ."

"ಮಡ್‌ಗಾರ್ಡ್?"

"ಇಲ್ಲ."

"ಬೆಲ್ಲು?"

"ಇಲ್ಲ."

ಇಲ್ಲ ಅನ್ನೋದು ಎರಡು ಭಾಷೆಗೂ ಒಂದೇ ಪದ. ಇಡೀ ಯಾತ್ರೆಯಲ್ಲಿ ದುಭಾಷಿಯಿಲ್ಲದೆ ನಾನು ಮಾಡಿದ ಅತಿ ಉದ್ದದ ಸಂಭಾಷಣೆ ಇದೇ. ಅಷ್ಟರಲ್ಲಿ ದೋಣಿಯ ಅರ್ಧ ಜನ ನಮ್ಮ ಸುತ್ತ ಬಂದಿದ್ದರು. ಮುದುಕರು ತಮ್ಮ ಸೈಕಲ್ಲಿನ ಸ್ಟ್ಯಾಂಡನ್ನು ಕಾಲಿನಿಂದ ಠಕ್ ಅಂತ ಹಾಕಿ ತೋರಿಸಿದರು. ಕ್ಯಾರಿಯರ್ ಮೇಲೆ ಬಡಿದು ತೋರಿಸಿದರು. ಬೆಲ್ಲು ಹೊಡೆದು ಕೇಳಿಸಿದರು. ಟ್ರಿಣ್. ಕೊನೆಗೆ ಮೂರು ಬೆರಳು ಎತ್ತಿದರು.

"ಮೂವಾಯಿರಂ."

"ಮೊಮ್ಮಗನಿಗೆ ಬೇಕಂತೆ" ಅಂದ ಷಡ್ಡಕ. "ಸ್ಟ್ಯಾಂಡು ಕ್ಯಾರಿಯರು ಅವರೇ ಹಾಕಿಸ್ಕೊಳ್ತಾರಂತೆ. ಕೊಟ್ಟುಬಿಡಿ ಭಾವ, ಇವತ್ತಿನ ರೇಟಲ್ಲಿ ನಷ್ಟ ಏನಿಲ್ಲ."

ಮುದುಕರು ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಇನ್ನೊಂದು ಕವರ್. ಅದರೊಳಗೆ ಮಡಚಿದ ನೋಟು. ಎಣಿಸಲು ಶುರು ಮಾಡಿದರು, ಐನೂರರ ನೋಟಿನ ಅಂಚು ಉಗುರಿನಲ್ಲಿ ನೀವುತ್ತಾ. ಬಲಗಡೆ ಪಾತಿರಾಮಣಲ್ ದ್ವೀಪ ಹಾದುಹೋಗುತ್ತಿತ್ತು. ನೋಡಲೇಬೇಕಾದ ಜಾಗ ಅಂತ ನಾನೇ ಮನೆಯಿಂದ ಗುರುತು ಹಾಕಿಕೊಂಡು ಬಂದದ್ದು. ನಾನು ನೋಡುತ್ತಿದ್ದದ್ದು ಆ ನೋಟುಗಳನ್ನು.

ಏನಾಯಿತೋ ಗೊತ್ತಿಲ್ಲ. ಗಂಟಲಿನಲ್ಲಿ ಏನೋ ಉಬ್ಬಿಕೊಂಡಿತು. ಈ ಸೈಕಲ್ಲಿನ ಚೌಕಟ್ಟು ಎಂಥದು, ಬ್ರೇಕ್ ಎಂಥದು, ನಾನು ಎಷ್ಟು ತಿಂಗಳು ಎಲ್ಲೆಲ್ಲಿಂದ ಉಳಿಸಿ ತಂದದ್ದು! ಮೂರು ಸಾವಿರವಂತೆ! ಎದ್ದು ನಿಂತು ನಿಜವಾದ ಬೆಲೆಯನ್ನು, ರೂಪಾಯಿ ಸಮೇತ, ಜಿಎಸ್‌ಟಿ ಸಮೇತ, ಇಡೀ ದೋಣಿಗೆ ಕೇಳುವ ಹಾಗೆ ಕೂಗಿದೆ. ಅದನ್ನು ಇಲ್ಲಿ ಬರೆಯೋಲ್ಲ, ಕ್ಷಮಿಸಿ.

ಷಡ್ಡಕ ಅನುವಾದ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಅಂಕಿ ಎಲ್ಲರಿಗೂ ಅರ್ಥವಾಗಿತ್ತು. ಎಂಜಿನ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮುದುಕರು ನೋಟುಗಳನ್ನು ಮೊದಲ ಕವರಿಗೆ ಹಾಕಿ, ಅದನ್ನು ಎರಡನೇ ಕವರಿಗೆ ಹಾಕಿ, ಜೇಬಿಗೆ ಇಟ್ಟುಕೊಂಡರು. ನನ್ನ ಹತ್ತಿರ ಸರಿದು ಭುಜದ ಮೇಲೆ ಕೈ ಇಟ್ಟರು. ತುಂಬಾ ಮೆತ್ತಗೆ ಹೇಳಿದರು, "ಪಟ್ಟಿಚ್ಚು, ಮೋನೇ."

"ಏನಂತೆ?"

"ಮೋಸ ಮಾಡಿಬಿಟ್ಟಿದ್ದಾರೆ ಮಗನೇ ಅಂತಾರೆ" ಅಂದ ಷಡ್ಡಕ. ಅಷ್ಟರಲ್ಲಿ ಅವನ ಕೈಗೆ ಫೋನು ಬಂದಿತ್ತು. ಹೆಬ್ಬೆರಳು ಓಡುತ್ತಿತ್ತು. ಕಾಯಲಿನ ನಡುವೆಯೂ ಸಿಗ್ನಲ್ ಇರುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ.

ಮುಹಮ್ಮದಲ್ಲಿ ಇಳಿದು ಆಲಪ್ಪುಳದ ದಾರಿ ಹಿಡಿದೆವು. ದಾರಿ ತುಂಬಾ ಸೈಕಲ್ಲು. ಪಂಚೆಯವರು, ಸೀರೆಯವರು, ಶಾಲೆ ಮಕ್ಕಳು, ಎಲ್ಲರಿಗೂ ಸ್ಟ್ಯಾಂಡಿದೆ, ಬೆಲ್ಲಿದೆ. ಹೆಂಡತಿಯ ಮೂರು ಮಿಸ್ಡ್ ಕಾಲ್ ಇತ್ತು. ಒಂದು ಅಂಗಡಿಯ ಗೋಡೆಗೆ ಸೈಕಲ್ ಒರಗಿಸಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ಹೇಳಿದೆವು. ಬಿಸಿ ಇತ್ತು, ನೇಂದ್ರ ಬಾಳೆ ಚೆನ್ನಾಗಿ ಹಣ್ಣಾಗಿತ್ತು. ಇಬ್ಬರೂ ಮಾತಾಡಲಿಲ್ಲ. ಬಿಲ್ ಷಡ್ಡಕನೇ ಕೊಟ್ಟ. ಹದಿನಾಲ್ಕು ವರ್ಷದ ನೆಂಟಸ್ತಿಕೆಯಲ್ಲಿ ಇದು ಮೊದಲ ಸಲ.

ಹೊರಗೆ ಬಂದರೆ ಅಂಗಡಿಯ ಹುಡುಗ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಸೈಕಲ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಹೆಬ್ಬೆರಳಿನಲ್ಲಿ ಟೈರ್ ಒತ್ತುತ್ತಿದ್ದ.