ಸರ್ ಛೋಟು ರಾಮ್ ಅವರನ್ನು ಒಂದೇ ಜಾತಿಗೆ ಕಟ್ಟಿಹಾಕಬೇಡಿ

2018ರಲ್ಲಿ ಹರಿಯಾಣದ ಸಾಂಪ್ಲಾದಲ್ಲಿ, ಸ್ವಾತಂತ್ರ್ಯಕ್ಕೂ ಮುಂಚಿನ ಪಂಜಾಬಿನ ರೈತ ನಾಯಕ ಸರ್ ಛೋಟು ರಾಮ್ ಅವರ 64 ಅಡಿ ಎತ್ತರದ ಪ್ರತಿಮೆ ಅನಾವರಣವಾಯಿತು. ಚುನಾವಣೆ ಬಂದಾಗಲೆಲ್ಲ ಅಲ್ಲಿನ ಪಕ್ಷಗಳಿಗೆ ಅವರ ನೆನಪಾಗುತ್ತದೆ. ಆದರೆ ನೆನಪು ಮಾಡಿಕೊಳ್ಳುವುದು ಬರೀ ಜಾಟ್ ಜಾತಿಯ ನಾಯಕ ಅಂತ. ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ.

ಅವರು ಹುಟ್ಟಿದ್ದು 1881ರಲ್ಲಿ, ಅಲ್ಲೇ ಗಢಿ ಸಾಂಪ್ಲಾ ಹಳ್ಳಿಯಲ್ಲಿ. ಸಾಲದಲ್ಲಿ ಮುಳುಗಿದ್ದ ರೈತರ ಮನೆ. ಮಗನ ಓದಿಗೆ ಸಾಲ ಕೇಳಲು ಅಪ್ಪ ಸಾಹುಕಾರನ ಹತ್ತಿರ ಹೋದ ಕತೆಯನ್ನು ಆ ಕಡೆ ಇಂದಿಗೂ ಹೇಳುತ್ತಾರೆ. ಸಾಹುಕಾರನ ಮಗ ಅಲ್ಲೇ ಸುಮ್ನೆ ಕೂತಿದ್ದನಂತೆ. ಆದರೂ ಮೇಲೆ ತೂಗುಹಾಕಿದ್ದ ಬೀಸಣಿಗೆಯ ಹಗ್ಗ ಎಳೆಯಲು ಹೇಳಿದ್ದು ಸಾಲ ಕೇಳಲು ಬಂದ ಅಪ್ಪನಿಗೆ. ಜೊತೆಗಿದ್ದ ಛೋಟು ರಾಮ್‌ಗೆ ಆ ಅವಮಾನ ನುಂಗಲು ಆಗಲಿಲ್ಲ.

ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿದರು, ವಕೀಲರಾದರು, ರೋಹ್ಟಕ್ ಜಿಲ್ಲಾ ಕಾಂಗ್ರೆಸ್ ಅಧ್ಯಕ್ಷರೂ ಆಗಿದ್ದರು. ಅಸಹಕಾರ ಚಳವಳಿ ಒಪ್ಪದೆ 1920ರಲ್ಲಿ ಹೊರಬಂದರು. ಆಮೇಲೆ ಪಂಜಾಬಿನ ಮುಸ್ಲಿಂ ನಾಯಕ ಫಜ್ಲ್-ಇ-ಹುಸೇನ್ ಜೊತೆ ಸೇರಿ ಯೂನಿಯನಿಸ್ಟ್ ಪಾರ್ಟಿ ಕಟ್ಟಿದರು. ಹಿಂದೂ, ಮುಸ್ಲಿಂ, ಸಿಖ್ ಜಮೀನುದಾರರು ಒಂದೇ ಪಕ್ಷದಲ್ಲಿ! ಹರಿಯಾಣವೂ ಆಗ ಪಂಜಾಬಿನಲ್ಲೇ ಇತ್ತು. 1937ರ ಪಂಜಾಬ್ ಚುನಾವಣೆಯಲ್ಲಿ ಈ ಪಕ್ಷಕ್ಕೆ ಬಹುಮತ ಬಂತು. ಮುಸ್ಲಿಂ ಲೀಗ್ ಗೆದ್ದಿದ್ದು ಬರೀ 2 ಸ್ಥಾನ.

ಇದೇ ಪಕ್ಷದ ಸಿಕಂದರ್ ಹಯಾತ್ ಖಾನ್ ಸರ್ಕಾರದಲ್ಲಿ ಮಂತ್ರಿಯಾಗಿ ಛೋಟು ರಾಮ್ ಮಾಡಿದ ಕೆಲಸ ನೋಡಿ. 1938ರ ಕಾನೂನು 1901ರ ಜೂನ್‌ಗಿಂತ ಹಿಂದೆ ಅಡವಿಟ್ಟ ಜಮೀನನ್ನು ರೈತರಿಗೆ ವಾಪಸ್ ಕೊಡಿಸಿತು. ಅಂದರೆ ಅಜ್ಜ ಅಡವಿಟ್ಟಿದ್ದು ಮೊಮ್ಮಗನ ಕೈಗೆ ಬಂತು. ಲೇವಾದೇವಿ ಮಾಡುವವರು ಹೆಸರು ನೋಂದಾಯಿಸಲೇಬೇಕಾಯಿತು. 1939ರಲ್ಲಿ ಬೆಳೆ ಮಾರುವ ಮಂಡಿಗಳ ಮೋಸ ತಡೆಯುವ ಕಾನೂನು ಬಂತು. ದಾನಧರ್ಮದ ಹೆಸರಲ್ಲಿ ಒಂದಿಷ್ಟು, ತೂಕದ ಹೆಸರಲ್ಲಿ ಒಂದಿಷ್ಟು ಅಂತ ರೈತನ ದುಡ್ಡು ಮುರಿದುಕೊಳ್ಳುತ್ತಿದ್ದ ಜಾಗ ಈ ಮಂಡಿ. ಸೂಟು, ಹಮಾಲಿ, ಕಮಿಷನ್ ಅಂತ ಕಳೆದುಕೊಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ದೇವರಾಜ ಅರಸರ ಸಾಲ ಪರಿಹಾರ ಕಾನೂನು ಬಂದಿದ್ದು 1976ರಲ್ಲಿ.

ಆ ಸಾಹುಕಾರರಲ್ಲಿ ಹೆಚ್ಚಿನವರು ಹಿಂದೂಗಳು. ಪಶ್ಚಿಮ ಪಂಜಾಬಿನ ಸಾಲಗಾರರಲ್ಲಿ ಮುಸ್ಲಿಮರೇ ಜಾಸ್ತಿ. ಹಾಗಾಗಿ ಹಿಂದೂವಾದ ಛೋಟು ರಾಮ್ ಸ್ವಂತ ಧರ್ಮದವರಿಂದಲೇ ಬೈಸಿಕೊಂಡರು. ರೈತರು 'ಬಂಗಾರದ ಕಾನೂನು' ಅಂದಿದ್ದನ್ನು ವ್ಯಾಪಾರಿಗಳು 'ಕರಾಳ ಕಾನೂನು' ಅಂದರು. ಆದರೂ ಛೋಟು ರಾಮ್ ಹಿಂದೆ ಸರಿಯಲಿಲ್ಲ. 1944ರಲ್ಲಿ ಜಿನ್ನಾ ಲಾಹೋರಿಗೆ ಬಂದು ಸರ್ಕಾರಕ್ಕೆ ಲೀಗ್ ಹೆಸರಿಡಬೇಕು ಅಂತ ಪಟ್ಟುಹಿಡಿದಾಗ, ಮುಖ್ಯಮಂತ್ರಿ ಸ್ಥಾನದಲ್ಲಿದ್ದ ಖಿಜರ್ ಹಯಾತ್ ತಿವಾನಾ ಒಪ್ಪಲಿಲ್ಲ. ಛೋಟು ರಾಮ್ ಖಿಜರ್ ಬೆನ್ನಿಗೆ ನಿಂತರು.

ಕೊರತೆಗಳೂ ಇದ್ದವು, ಮುಚ್ಚಿಡಬಾರದು. ಅವರು ಬ್ರಿಟಿಷರ ಜೊತೆಗಿದ್ದರು. ಪಕ್ಷದಲ್ಲಿ ದೊಡ್ಡ ಜಮೀನುದಾರರದ್ದೇ ಕಾರುಬಾರು. ಹೊಲದಲ್ಲಿ ದುಡಿಯುತ್ತಿದ್ದ ದಲಿತರನ್ನು ಸರ್ಕಾರದ 'ಕೃಷಿಕ' ಜಾತಿಗಳ ಪಟ್ಟಿಗೇ ಸೇರಿಸಿರಲಿಲ್ಲ, ಹಾಗಾಗಿ ಅವರು ಜಮೀನು ಕೊಳ್ಳುವುದೇ ಕಷ್ಟವಿತ್ತು. ಈ ಅನ್ಯಾಯವನ್ನು ಯೂನಿಯನಿಸ್ಟರು ಸರಿಪಡಿಸಲಿಲ್ಲ.

1945ರ ಜನವರಿ 9ರಂದು ಛೋಟು ರಾಮ್ ಲಾಹೋರಿನಲ್ಲಿ ತೀರಿಕೊಂಡರು. ಮರುವರ್ಷದ ಚುನಾವಣೆಯಲ್ಲಿ ಪಕ್ಷ ನೆಲಕಚ್ಚಿತು. 1947ರ ಮಾರ್ಚ್ 2ಕ್ಕೆ ಖಿಜರ್ ರಾಜೀನಾಮೆ ಕೊಟ್ಟರು. ಛೋಟು ರಾಮ್ ಇದ್ದಿದ್ದರೆ ಪಂಜಾಬ್ ಒಡೆಯುತ್ತಿರಲಿಲ್ಲ ಅನ್ನುವವರಿದ್ದಾರೆ. ಅಷ್ಟು ದೊಡ್ಡ ಮಾತನ್ನು ನಾನು ಆಡಲ್ಲ. ಆದರೆ ಅವರ ಕಾನೂನಿನಿಂದ ಜಮೀನು ಉಳಿಸಿಕೊಂಡ ಎಷ್ಟೋ ಮನೆತನಗಳು ಇವತ್ತು ಪಾಕಿಸ್ತಾನದಲ್ಲಿವೆ. ಆ ಮನೆಗಳನ್ನು ಲೆಕ್ಕದಿಂದ ಬಿಟ್ಟು ಛೋಟು ರಾಮ್ ಹೆಸರಲ್ಲಿ ಒಂದು ಜಾತಿಯ ಓಟು ಕೇಳುವುದು ಅವರಿಗೆ ಮಾಡುವ ಮೋಸ ಅಲ್ವಾ?