ಬೇರಿಂಗ್ ಸಂಖ್ಯೆ ಹೆಚ್ಚಿದ್ದರೆ ಗಾಳದ ರೀಲ್ ಉತ್ತಮವೆಂಬ ಸಂದೇಶದ ಕುರಿತು ಸ್ಪಷ್ಟನೆ

‘13+1 ಬೇರಿಂಗ್ (ಭಾಗಗಳು ಸರಾಗವಾಗಿ ತಿರುಗಲು ಹಾಕುವ ಬಿಡಿಭಾಗ) ಇರುವ ಅಗ್ಗದ ಸ್ಪಿನ್ನಿಂಗ್ ರೀಲ್ (ಗಾಳದ ಕೋಲಿಗೆ ಜೋಡಿಸಿ ದಾರ ಸುತ್ತುವ ಸಾಧನ), 5+1 ಬೇರಿಂಗ್‌ನ ದುಬಾರಿ ರೀಲ್‌ಗಿಂತ ಮೇಲು’ ಎಂಬ ಸಂದೇಶ ಗಾಳ ಹಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ, ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.

ಬೇರಿಂಗ್‌ಗಳ ಎಣಿಕೆ ಗುಣಮಟ್ಟದ ಅಳತೆಯಲ್ಲ. ‘+1’ ಎಂಬುದು ಸಾಮಾನ್ಯವಾಗಿ ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಬೇರಿಂಗ್. ಸಮುದ್ರದಲ್ಲಿ ಬಳಸಲೆಂದೇ ತಯಾರಾದ, ಪೆನ್ ಕಂಪನಿಯ ಸ್ಪಿನ್‌ಫಿಶರ್ 6 ರೀಲ್‌ನಲ್ಲಿರುವುದೂ 5+1 ಬೇರಿಂಗ್‌ಗಳೇ. ಅದರ ಬೆಲೆ ಹೆಚ್ಚಿರುವುದಕ್ಕೆ ಲೋಹದ ಒಡಲು, ನೀರು ನುಗ್ಗದಂತೆ ಹಾಕಿದ ಸೀಲ್‌ಗಳು, ಡ್ರ್ಯಾಗ್‌ನ (ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬ್ರೇಕ್‌ನ) ಕಾರ್ಬನ್ ಫೈಬರ್ ವಾಷರ್‌ಗಳು ಇವೇ ಮುಖ್ಯ ಕಾರಣ. ದೊಡ್ಡ ಮೀನು ದಾರವನ್ನು ಎಳೆದುಕೊಂಡು ಓಡುವಾಗ ಡ್ರ್ಯಾಗ್ ಬಿಸಿಯಾಗುತ್ತದೆ. ಆ ಬಿಸಿಯಲ್ಲೂ ಹಿಡಿತ ಒಂದೇ ಸಮನಾಗಿ ಉಳಿಯದಿದ್ದರೆ ದಾರ ತುಂಡಾಗಬಹುದು, ಮತ್ತು ಈ ಕೆಲಸದಲ್ಲಿ ಬೇರಿಂಗ್‌ಗಳ ಸಂಖ್ಯೆಗೆ ಯಾವ ಪಾತ್ರವೂ ಇಲ್ಲ. ಉಪ್ಪುನೀರಿನಲ್ಲಂತೂ ಸೀಲ್ ಇಲ್ಲದ ಅಗ್ಗದ ಬೇರಿಂಗ್‌ಗಳು ಹೆಚ್ಚಿದ್ದಷ್ಟೂ ತುಕ್ಕು ಹಿಡಿಯುವ ಜಾಗಗಳು ಹೆಚ್ಚು.

ಹಾಗೆಂದು ಎಲ್ಲರೂ ದುಬಾರಿ ರೀಲನ್ನೇ ಕೊಳ್ಳಬೇಕಿಲ್ಲ. ಕೆರೆಯಲ್ಲಿ ಜಿಲೇಬಿ ಮೀನು ಹಿಡಿಯಲು ಸಾಧಾರಣ ಬೆಲೆಯ ರೀಲ್ ಧಾರಾಳವಾಗಿ ಸಾಕು, ಉಳಿದ ಹಣವನ್ನು ಒಳ್ಳೆಯ ದಾರಕ್ಕೆ ಹಾಕುವುದು ಜಾಣತನವೆಂದೇ ನನ್ನ ಅಭಿಪ್ರಾಯ. ಮಲ್ಪೆ, ಮುರುಡೇಶ್ವರಗಳಂತಹ ಕಡಲ ತೀರದಲ್ಲಿ ಅಲೆ ಬಡಿಯುವಲ್ಲಿ ನಿಂತು ಗಾಳ ಎಸೆಯುವವರು ಮಾತ್ರ ಬೇರಿಂಗ್ ಎಣಿಸುವ ಬದಲು ಸೀಲ್, ಗೇರ್‌ನ ಲೋಹ ಮತ್ತು ಡ್ರ್ಯಾಗ್ ಬಗೆಗೆ ಅಂಗಡಿಯಲ್ಲಿ ವಿಚಾರಿಸಬೇಕು.